ವೀಸಾ ಮುಗಿದ ಮೇಲೆ ಬ್ರಿಟಿಷ್ ಪ್ರಜೆಯನ್ನು ಮದುವೆಯಾಗುವುದು: ದಾರಿ ಯಾವುದು, ದಂಡ ಯಾವುದು

"ಅಣ್ಣಾ, ರಿಜಿಸ್ಟರ್ ಮದುವೆ ಆಗಿಬಿಟ್ರೆ ಎಲ್ಲಾ ಸರಿಹೋಗುತ್ತಲ್ವಾ?"

ಈ ಫೋನು ಬರುವುದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. ಆ ಕಡೆ ಇರುವವನು ಓದಲು ಬಂದವನು, ಇಲ್ಲವೇ ಕೇರ್ ಹೋಮಿಗೆ ಕೆಲಸಕ್ಕೆ ಬಂದವನು. ಕಾಲೇಜು ಬಿಟ್ಟುಹೋಗಿದೆ, ಅಥವಾ ಕಂಪನಿಯ ಸ್ಪಾನ್ಸರ್ ಲೈಸೆನ್ಸ್ (ವಿದೇಶಿಯರನ್ನು ಕೆಲಸಕ್ಕೆ ಕರೆಸುವ ಪರವಾನಗಿ) ರದ್ದಾಗಿ 60 ದಿನದ ಗಡುವು ಕೊಟ್ಟ ಇಮೇಲು ಯಾರೂ ನೋಡದ ಇನ್‌ಬಾಕ್ಸಿನಲ್ಲಿ ಬಿದ್ದಿದೆ. ವೀಸಾ ಮುಗಿದು ತಿಂಗಳುಗಳೇ ಆಗಿವೆ. ಅಷ್ಟರಲ್ಲಿ ಇಲ್ಲಿನ ಹುಡುಗಿಯೊಂದಿಗೆ ಮನಸ್ಸು ಕೂಡಿದೆ. ಹುಡುಗಿಯರ ಫೋನೂ ಬರುತ್ತದೆ, ಕಥೆ ಅದೇ.

ನನ್ನ ಉತ್ತರ ಒಂದೇ: ಮದುವೆ ಆಗಬಹುದು, ಆದರೆ ಮದುವೆಯೇ ವೀಸಾ ಅಲ್ಲ. ಮದುವೆ ಮಾಡಿಸುವವರು ರಿಜಿಸ್ಟ್ರಾರ್, ಇರಲು ಬಿಡುವವರು ಹೋಮ್ ಆಫೀಸ್, ಅಂದರೆ ಇಲ್ಲಿನ ಗೃಹ ಇಲಾಖೆ. ಮೊದಲನೆಯವರ ಸರ್ಟಿಫಿಕೇಟ್ ನೋಡಿ ಎರಡನೆಯವರು ಕರಗುವುದಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿದ್ದಕ್ಕೇ ಹಾಳಾದ ಕೇಸುಗಳು ಬಹಳ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಶುಲ್ಕಗಳೆಲ್ಲ 2025ರ ಏಪ್ರಿಲ್ ದರ. ಪ್ರತಿ ವಸಂತದಲ್ಲಿ ಅವು ಏರುವುದು ರೂಢಿ, ಆದ್ದರಿಂದ ಹಣ ಕಟ್ಟುವ ದಿನ ಸರ್ಕಾರಿ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಹೆಜ್ಜೆ 1: ದಿನ ಎಣಿಸಿ

ಪ್ರೀತಿಯ ಕಥೆ ಆಮೇಲೆ. ಮೊದಲು ಒಂದು ಹಾಳೆ ತೆಗೆದುಕೊಂಡು ನಾಲ್ಕು ತಾರೀಕು ಬರೆಯಿರಿ: ಬ್ರಿಟನ್ನಿಗೆ ಬಂದ ದಿನ, ಕೊನೆಯ ವೀಸಾ ಮುಗಿದ ದಿನ, ಹೋಮ್ ಆಫೀಸ್‌ನಿಂದ ಕೊನೆಯ ಪತ್ರ ಬಂದ ದಿನ, ಇವತ್ತಿನ ದಿನ. ವೀಸಾ ಅವಧಿಯನ್ನು ಮಧ್ಯದಲ್ಲೇ ಮೊಟಕು ಮಾಡಿದ್ದರೆ ಮೂಲ ವೀಸಾದ ಮೇಲಿದ್ದ ತಾರೀಕು ಲೆಕ್ಕಕ್ಕಿಲ್ಲ, ಮೊಟಕಾದ ತಾರೀಕೇ ಲೆಕ್ಕ. ಇಲ್ಲೇ ಅನೇಕರು ಎಡವುತ್ತಾರೆ. "ನನ್ನ ವೀಸಾ ಸೆಪ್ಟೆಂಬರ್ ತನಕ ಇದೆ" ಎಂದು ನಂಬಿಕೊಂಡವನದು ಫೆಬ್ರವರಿಯಲ್ಲೇ ಮುಗಿದಿರುತ್ತದೆ.

ಮುಗಿದು 14 ದಿನ ದಾಟಿಲ್ಲವೇ? ಹಾಗಿದ್ದರೆ ಈ ಬರಹ ಪಕ್ಕಕ್ಕಿಟ್ಟು ಇವತ್ತೇ ವಕೀಲರನ್ನು ಹುಡುಕಿ. ನಿಮ್ಮ ಕೈಮೀರಿದ ಕಾರಣದಿಂದ, ಉದಾಹರಣೆಗೆ ಆಸ್ಪತ್ರೆಯಲ್ಲಿದ್ದು, ಅರ್ಜಿ ತಡವಾಗಿದ್ದರೆ ಆ 14 ದಿನದೊಳಗೆ ಹಾಕಿದ ಅರ್ಜಿಯಲ್ಲಿ ವೀಸಾ ಮೀರಿ ಉಳಿದದ್ದನ್ನು, ಅಂದರೆ ಓವರ್‌ಸ್ಟೇಯನ್ನು ಲೆಕ್ಕಿಸದೆ ಬಿಡಬಹುದು. ಕಾರಣಕ್ಕೆ ಕಾಗದದ ಸಾಕ್ಷಿ ಬೇಕು. "ಗೊತ್ತಿರಲಿಲ್ಲ" ಎನ್ನುವುದನ್ನು ಕಾರಣ ಎಂದು ಒಪ್ಪುವುದಿಲ್ಲ. 2016ರ ನವೆಂಬರ್ ತನಕ ಈ ಗಡುವು 28 ದಿನವಿತ್ತು, ಹಳೆಯ ಸಲಹೆಗಳಲ್ಲಿ ಆ ಅಂಕಿ ಇನ್ನೂ ಓಡಾಡುತ್ತಿದೆ. ಇನ್ನೊಂದು ಮಾತು, ಪ್ರವಾಸಿ ವೀಸಾದಲ್ಲಿ ಇರುವವರು ದೇಶದೊಳಗಿಂದಲೇ ಸಂಗಾತಿ ವೀಸಾಗೆ ಬದಲಾಗುವಂತಿಲ್ಲ.

ಅದಕ್ಕಿಂತ ಹಳೆಯದಾಗಿದ್ದರೆ ಇನ್ನೊಂದು ಲೆಕ್ಕ ನೋಡಿ. ಸ್ವಂತ ಖರ್ಚಿನಲ್ಲಿ, ತಾನಾಗಿ ದೇಶ ಬಿಟ್ಟವರ ಓವರ್‌ಸ್ಟೇ 30 ದಿನದೊಳಗಿದ್ದರೆ ಮರುಪ್ರವೇಶ ನಿಷೇಧವಿಲ್ಲ. 30 ದಿನ ಮೀರಿ, ಆದರೂ ಸ್ವಂತ ಟಿಕೆಟ್ಟಿನಲ್ಲಿ ಹೋದರೆ 12 ತಿಂಗಳು. ಸರ್ಕಾರದ ಖರ್ಚಿನಲ್ಲಿ ಹೋದರೆ, ದೇಶ ಬಿಡಿ ಎಂಬ ನೋಟಿಸ್ ಬಂದ ಎಷ್ಟು ದಿನಕ್ಕೆ ಹೋದಿರಿ ಎಂಬುದರ ಮೇಲೆ 2 ವರ್ಷ ಅಥವಾ 5 ವರ್ಷ. ಹಿಡಿದು ಕಳಿಸಿದರೆ, ಅಥವಾ ಅರ್ಜಿಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ 10 ವರ್ಷ. ಇದು ಸಾಮಾನ್ಯ ವೀಸಾಗಳ ಮಾತು. ಸಂಗಾತಿ ವೀಸಾ ಕೇಳುವವರಿಗೆ ಈ ಕಡ್ಡಾಯ ನಿಷೇಧ ಬಹುಕಾಲ ಅನ್ವಯಿಸುತ್ತಿರಲಿಲ್ಲ. 2025ರ ನವೆಂಬರ್‌ನಲ್ಲಿ ಹೋಮ್ ಆಫೀಸ್ ನಿಯಮಾವಳಿಯ ಈ ಭಾಗವನ್ನು ಹೊಸದಾಗಿ ಬರೆದು ಕುಟುಂಬ ವೀಸಾಗಳನ್ನೂ ಅದರಡಿಗೆ ತಂದಿತು. ಹಾಗಾಗಿ ಮೂರು ವರ್ಷದ ಹಿಂದಿನ ವಿಡಿಯೋ ನಂಬಿ ವಿಮಾನ ಹತ್ತಬೇಡಿ. ಅರ್ಜಿ ಹಾಕುವ ದಿನದ ನಿಯಮದಲ್ಲಿ ನಿಮ್ಮ ಸ್ಥಿತಿ ಏನು ಎಂದು ವಕೀಲರಿಂದ ಬರಹದಲ್ಲಿ ಪಡೆದುಕೊಳ್ಳಿ. ಕಡ್ಡಾಯ ನಿಷೇಧ ಇಲ್ಲದಿದ್ದಾಗಲೂ ಓವರ್‌ಸ್ಟೇ ಜೊತೆಗೆ ಸುಳ್ಳು ಹೆಸರು, ಕದ್ದು ಕೆಲಸ, ತಲೆಮರೆಸಿಕೊಂಡದ್ದು ಎಲ್ಲ ಸೇರಿದ್ದರೆ ಅಧಿಕಾರಿ ಅದನ್ನೇ ಹಿಡಿದು ನಿರಾಕರಿಸಬಹುದು.

ಓವರ್‌ಸ್ಟೇ ಎಂಬುದು 1971ರ ವಲಸೆ ಕಾಯ್ದೆಯ 24ನೇ ಸೆಕ್ಷನ್ನಿನಡಿ ಅಪರಾಧವೂ ಹೌದು. ಅದೊಂದಕ್ಕೇ ಕೋರ್ಟಿಗೆ ಎಳೆಯುವುದು ಅಪರೂಪ, ಬಂಧಿಸಿ ಕಳಿಸುವುದು ಅಪರೂಪವಲ್ಲ.

ಹೆಜ್ಜೆ 2: ಯಾರನ್ನು ಕೇಳಬೇಕು

ಈ ದೇಶದಲ್ಲಿ ದುಡ್ಡು ತೆಗೆದುಕೊಳ್ಳಲಿ ಬಿಡಲಿ, ನೋಂದಣಿ ಇಲ್ಲದೆ ವಲಸೆ ಸಲಹೆ ಕೊಡುವುದೇ ಅಪರಾಧ. 1999ರ ಕಾಯ್ದೆ ಹಾಗೆ ಹೇಳುತ್ತದೆ. ನೋಂದಾಯಿತ ಸಲಹೆಗಾರರ ಪಟ್ಟಿ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯ ಜಾಲತಾಣದಲ್ಲಿದೆ. 2025ರ ಜನವರಿಯವರೆಗೆ ಇದರ ಹೆಸರು ಓಐಎಸ್‌ಸಿ ಎಂದಿತ್ತು. ಸಾಲಿಸಿಟರ್ (ವಕೀಲ) ಆದರೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ ಹೆಸರಿರಬೇಕು. ಎರಡೂ ಹುಡುಕಲು ಐದು ನಿಮಿಷ ಸಾಕು. ಓವರ್‌ಸ್ಟೇ ಕೇಸಿಗೆ ಮೊದಲನೇ ಹಂತದ ಸಲಹೆಗಾರ ಸಾಲದು, ಮೇಲಿನ ಹಂತದವರೇ ಬೇಕು. ನಾನು ಈ ಬರಹದಲ್ಲಿ ಮಾಡುತ್ತಿರುವುದು ದಾರಿಯ ನಕ್ಷೆ ತೋರಿಸುವ ಕೆಲಸ ಅಷ್ಟೆ. ನಿಮ್ಮ ಕಾಗದ ನೋಡಿ ಹೇಳಬೇಕಾದವರು ಅವರು.

ಪೂರ್ವ ಲಂಡನ್ನಿನಲ್ಲಿ ಮೊಬೈಲ್ ಅಂಗಡಿಯ ಮಹಡಿಯ ಮೇಲೆ ಕೂತ ಒಬ್ಬ 'ಕನ್ಸಲ್ಟೆಂಟ್' ಬಳಿ ನಾನೇ ಒಮ್ಮೆ ಒಬ್ಬ ಹುಡುಗನ ಜೊತೆ ಹೋಗಿದ್ದೆ. ಮೇಜಿನ ಮೇಲೆ ಗಣಪತಿ, ಗೋಡೆಯ ಮೇಲೆ ಯಾವುದೋ ತರಬೇತಿಯ ಸರ್ಟಿಫಿಕೇಟು. ಫೈಲು ತೆರೆಯುವ ಮೊದಲೇ ಹೇಳಿದ: "ಮೊದಲು ಅಸೈಲಂ ಹಾಕೋಣ, ಟೈಮ್ ಸಿಗುತ್ತೆ. ಆಮೇಲೆ ಮದುವೆ." ಹುಡುಗ ತುಮಕೂರಿನವನು. ಅವನಿಗೆ ಊರಿನಲ್ಲಿ ಯಾರ ಭಯವೂ ಇರಲಿಲ್ಲ, ಅಪ್ಪನ ಭಯ ಒಂದು ಬಿಟ್ಟು. ಇಲ್ಲದ ಪ್ರಾಣಭಯ ಬರೆದು ಆಶ್ರಯ ಕೇಳಿದರೆ ಆ ಸುಳ್ಳು ಕಡತದಲ್ಲಿ ಶಾಶ್ವತವಾಗಿ ಕೂರುತ್ತದೆ. ಮುಂದೆ ನೀವು ಹೇಳುವ ಪ್ರೀತಿಯ ನಿಜವನ್ನೂ ಯಾರೂ ನಂಬುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮೆಟ್ಟಿಲು ಇಳಿದು ಬಂದೆವು.

ಹೆಜ್ಜೆ 3: ಒಳಗಿಂದಲೋ, ಊರಿಗೆ ಹೋಗಿಯೋ

ಇಡೀ ವಿಷಯದ ಹೃದಯ ಇದು. ನಿಧಾನವಾಗಿ ಓದಿ.

ಕುಟುಂಬ ವೀಸಾದ ನಿಯಮಗಳು ಅಪೆಂಡಿಕ್ಸ್ ಎಫ್‌ಎಂ ಎಂಬ ಅಧ್ಯಾಯದಲ್ಲಿವೆ. ಅದರ ಪ್ರಕಾರ ಬ್ರಿಟನ್ನಿನ ಒಳಗಿಂದ ಸಂಗಾತಿ ವೀಸಾ ಕೇಳುವವರು ವಲಸೆ ನಿಯಮ ಮುರಿದಿರಬಾರದು. ಓವರ್‌ಸ್ಟೇ ಎಂದರೆ ಮುರಿದಂತೆಯೇ. ಇದಕ್ಕೆ ಇರುವ ಮುಖ್ಯ ವಿನಾಯಿತಿಗೆ ವಕೀಲರ ಬಾಯಲ್ಲಿ 'ಇಎಕ್ಸ್ 1' ಎಂದು ಹೆಸರು. ಅದಕ್ಕೆ ಎರಡು ಕೊಂಬೆ.

ಮೊದಲ ಕೊಂಬೆ ಮಗು. ನಿಮಗೆ 18 ವರ್ಷದೊಳಗಿನ ಮಗುವಿದ್ದು, ಆ ಮಗು ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ಇಲ್ಲಿ ಸತತ 7 ವರ್ಷ ಬಾಳಿದ್ದರೆ, ಮತ್ತು ಆ ಮಗುವನ್ನು ದೇಶ ಬಿಡು ಎನ್ನುವುದು ನ್ಯಾಯವಲ್ಲ ಎನಿಸಿದರೆ, ದಾರಿ ತೆರೆಯುತ್ತದೆ. ಬ್ರಿಟನ್ನಿನಲ್ಲಿ ಹುಟ್ಟಿದ, ಅಪ್ಪ ಅಮ್ಮರಲ್ಲಿ ಒಬ್ಬರು ಬ್ರಿಟಿಷ್ ಪ್ರಜೆಯಾಗಿರುವ ಮಗು ಹುಟ್ಟಿನಿಂದಲೇ ಬ್ರಿಟಿಷ್. 2006ರ ಜುಲೈ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ, ಬ್ರಿಟಿಷ್ ಅಪ್ಪನಿಗೂ ಅಮ್ಮನಿಗೂ ಮದುವೆ ಆಗಿರಲೇಬೇಕೆಂದೂ ಇಲ್ಲ. ಮಗುವಿನೊಂದಿಗೆ ನಿಜವಾದ ಒಡನಾಟವಿದ್ದರೆ ಒಳಗಿನ ದಾರಿ ಗಟ್ಟಿಯಾಗಿರುತ್ತದೆ.

ಎರಡನೆಯ ಕೊಂಬೆ ಮಕ್ಕಳಿಲ್ಲದವರದು, ಅದು ಕಷ್ಟದ್ದು. ಇಬ್ಬರೂ ಬ್ರಿಟನ್ನಿನ ಹೊರಗೆ ಸಂಸಾರ ಮಾಡಲು 'ದಾಟಲಾಗದ ಅಡ್ಡಿ' ಇದೆ ಎಂದು ತೋರಿಸಬೇಕು. ಕಷ್ಟ ಇದ್ದರೆ ಸಾಲದು. ಜಯಿಸಲು ಆಗದ, ಅಥವಾ ಜಯಿಸಲು ಹೋದರೆ ಬಹಳ ಗಂಭೀರ ಸಂಕಟ ತರುವಂಥ ಅಡ್ಡಿ ಇರಬೇಕು. 2017ರ ಅಗ್ಯಾರ್ಕೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗಟ್ಟಿ ಅಳತೆಯನ್ನೇ ಎತ್ತಿಹಿಡಿಯಿತು. ಘಾನಾದಿಂದ ಬಂದು ಉಳಿದುಕೊಂಡಿದ್ದ ಮಹಿಳೆ, ಸಂಗಾತಿ ಬ್ರಿಟಿಷ್ ಪ್ರಜೆ. ಅವನು ಇಲ್ಲೇ ಬಾಳಿದವನು, ಇಲ್ಲಿ ಕೆಲಸವಿದೆ, ಬಿಟ್ಟುಹೋಗಲು ಮನಸ್ಸಿಲ್ಲ ಎಂಬುದಷ್ಟೇ ಸಾಲದು ಎಂಬ ಮಾತು ಆ ಪ್ರಕರಣದ ಮೇಲ್ಮನವಿ ಹಂತದಲ್ಲೇ ಬಂದಿತ್ತು. ಅದರ ಮೇಲೆ 2014ರ ತಿದ್ದುಪಡಿ ಬೇರೆ ಇದೆ: ಕಾನೂನುಬಾಹಿರವಾಗಿ ಇದ್ದ ಕಾಲದಲ್ಲಿ ಕೂಡಿದ ಸಂಬಂಧಕ್ಕೆ ನ್ಯಾಯಾಲಯ ಕಡಿಮೆ ತೂಕ ಕೊಡಬೇಕು.

ಭಾರತದವರಿಗೆ ಇಲ್ಲಿ ಒಂದು ವಿಶೇಷ ತೊಡಕು. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಪ್ರವೇಶ ವೀಸಾ ಉಂಟು; ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದರೆ ಓಸಿಐ (ಭಾರತದ ಸಾಗರೋತ್ತರ ಪ್ರಜೆ) ಕಾರ್ಡಿಗೆ ಅರ್ಜಿ ಹಾಕಬಹುದು. ಓಸಿಐ ಇದ್ದರೆ ಭಾರತದಲ್ಲಿ ಇರಬಹುದು, ದುಡಿಯಬಹುದು. ಹೋಮ್ ಆಫೀಸ್ ಇದನ್ನು ಚೆನ್ನಾಗಿ ಬಲ್ಲದು. "ಬೆಂಗಳೂರಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಕೆಲಸ ಇದೆ, ನಿಮ್ಮ ತಂದೆತಾಯಿ ಇದ್ದಾರೆ, ಅಲ್ಲೇ ಏಕೆ ಬಾಳಬಾರದು?" ಎಂಬ ಪ್ಯಾರಾ ನಿರಾಕರಣೆ ಪತ್ರದಲ್ಲಿ ಬಂದೇ ಬರುತ್ತದೆ ಎಂದುಕೊಂಡೇ ಕೇಸು ಕಟ್ಟಬೇಕು. ಜಾತಿ ಒಪ್ಪುವುದಿಲ್ಲ, ಅಮ್ಮ ಮಾತು ಬಿಡುತ್ತಾಳೆ ಎಂಬುದಕ್ಕೆ "ಬೇರೆ ಊರಿನಲ್ಲಿರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ನಿಲ್ಲಬಲ್ಲ ಕಾರಣಗಳು ಬೇರೆ ಥರದವು. ಸಂಗಾತಿಗೆ ಮೊದಲ ಸಂಬಂಧದ ಮಗುವಿದ್ದು, ಆ ಮಗುವಿನ ಅಪ್ಪನೂ ಇಲ್ಲೇ ಇದ್ದು, ಕೋರ್ಟಿನ ಆದೇಶದಂತೆ ವಾರ ವಾರ ಭೇಟಿ ನಡೆಯುತ್ತಿರುವುದು. ಸಂಗಾತಿಗೆ ಗಂಭೀರ ಕಾಯಿಲೆಯಿದ್ದು ಚಿಕಿತ್ಸೆ ಮುರಿಯುವಂತಿಲ್ಲದಿರುವುದು. ಹಾಸಿಗೆ ಹಿಡಿದ ತಾಯಿಗೆ ಅವಳೊಬ್ಬಳೇ ಆಸರೆಯಾಗಿರುವುದು. ಇನ್ನೊಂದು ಕಾರಣ ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರು ಹೆಚ್ಚಿರುವ ಬ್ರಾಡ್‌ಫರ್ಡ್, ಲ್ಯೂಟನ್ ಕಡೆಯವರಿಗೆ ಕೂಡಲೇ ಹೊಳೆಯುತ್ತದೆ, ನಮಗೆ ಹೊಳೆಯುವುದಿಲ್ಲ: ಅವಳ ತಾತನೋ ಮುತ್ತಾತನೋ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಭಾರತದ ಪೌರತ್ವ ಕಾಯ್ದೆ ಅವಳಿಗೆ ಓಸಿಐ ಕೊಡಗೊಡುವುದಿಲ್ಲ. "ಬೆಂಗಳೂರಿನಲ್ಲಿ ಏಕೆ ಬಾಳಬಾರದು" ಎಂಬ ಪ್ರಶ್ನೆಗೆ ಅದು ಭಾರತ ಸರ್ಕಾರವೇ ಬರೆದುಕೊಟ್ಟ ಉತ್ತರ. ಅಂಥ ಜೋಡಿಯಾದರೆ ಇದನ್ನು ವಕೀಲರಿಗೆ ಮೊದಲ ಭೇಟಿಯಲ್ಲೇ ಹೇಳಿ.

'ಇಎಕ್ಸ್ 1'ರಲ್ಲಿ ಗೆದ್ದರೆ ಸಿಗುವುದು 10 ವರ್ಷದ ದಾರಿ: 30 ತಿಂಗಳ ಅನುಮತಿ, ಹಾಗೆ ನಾಲ್ಕು ಸಲ, ಆಮೇಲೆ ಶಾಶ್ವತ ವಾಸ. ಆದಾಯದ ಷರತ್ತು, ಇಂಗ್ಲಿಷ್ ಪರೀಕ್ಷೆ ಈ 30 ತಿಂಗಳ ಅನುಮತಿಗಳಿಗೆ ಅಡ್ಡ ಬರುವುದಿಲ್ಲ, ಅದು ಇದರ ದೊಡ್ಡ ಅನುಕೂಲ. ಹಣದ ಲೆಕ್ಕ ಮಾತ್ರ ಕಹಿ. ಪ್ರತಿ ಸಲ ಅರ್ಜಿಗೆ 1,321 ಪೌಂಡ್, ಆರೋಗ್ಯ ಸರ್ಚಾರ್ಜ್ (ಸರ್ಕಾರಿ ಆರೋಗ್ಯ ಸೇವೆಗೆಂದು ಅರ್ಜಿಯ ಜೊತೆ ಕಟ್ಟುವ ಹಣ) 2,587.50 ಪೌಂಡ್. ನಾಲ್ಕು ಸಲಕ್ಕೆ 15,634. ಕೊನೆಗೆ ಶಾಶ್ವತ ವಾಸಕ್ಕೆ 3,029. ಒಟ್ಟು 18,663 ಪೌಂಡ್, ದರ ಏರದೇ ಇದ್ದರೆ. ಕೈಯಲ್ಲಿ ನಿಜಕ್ಕೂ ಹಣವಿಲ್ಲದಿದ್ದರೆ 30 ತಿಂಗಳ ಅರ್ಜಿಗಳಿಗೆ ಶುಲ್ಕ ಮನ್ನಾ ಕೇಳಬಹುದು. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲುಸಾಲು ತೋರಿಸಬೇಕು.

ಊರಿಗೆ ಹೋಗಿ ಅರ್ಜಿ ಹಾಕಿದರೆ 5 ವರ್ಷದ ದಾರಿ. ಹೊರಗಿನ ಅರ್ಜಿಗೆ 1,938, ಸರ್ಚಾರ್ಜ್ 3,105, ಸಿಗುವುದು 33 ತಿಂಗಳು. ಆಮೇಲೆ ಒಂದು ವಿಸ್ತರಣೆ 3,908.50, ಕೊನೆಗೆ 3,029. ಒಟ್ಟು 11,980.50. ಐದು ವರ್ಷ ಉಳಿತು, ಆರೂವರೆ ಸಾವಿರ ಪೌಂಡೂ ಉಳಿತು. ಆದರೆ ಆದಾಯದ ಷರತ್ತು ಇಲ್ಲಿ ಪೂರ್ತಿ ಅನ್ವಯಿಸುತ್ತದೆ.

"ಹೇಗೂ ವೀಸಾ ಸಿಗುವಂತಿದ್ದರೆ ಸುಮ್ಮನೆ ಊರಿಗೆ ಓಡಿಸಿ ವಾಪಸ್ ಕರೆಸುವುದೇಕೆ?" ಎಂಬ ವಾದವೊಂದಿದೆ. 2008ರಲ್ಲಿ ಚಿಕ್ವಾಂಬಾ ಎಂಬ ಜಿಂಬಾಬ್ವೆಯ ಮಹಿಳೆಯ ಪ್ರಕರಣದಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದಕ್ಕೆ ತಲೆದೂಗಿತ್ತು. 2023ರಲ್ಲಿ ಆಲಂ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಆ ಬಾಗಿಲನ್ನು ಬಹಳ ಕಿರಿದು ಮಾಡಿತು: ಊರಿಗೆ ಹೋಗಿ ಅರ್ಜಿ ಹಾಕು ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದ್ದರೆ ಮಾತ್ರ ಆ ತೀರ್ಪು ಉಪಯೋಗಕ್ಕೆ ಬರುತ್ತದೆ. ಈಗಲೂ ಚಿಕ್ವಾಂಬಾ ಹೆಸರು ಹೇಳಿ ಗ್ಯಾರಂಟಿ ಕೊಡುವವರು ಸಿಕ್ಕರೆ ಎದ್ದು ಬನ್ನಿ.

ನನ್ನ ಅಭಿಪ್ರಾಯ ಕೇಳಿದರೆ: ಮಕ್ಕಳಿಲ್ಲ, ಸಂಗಾತಿಗೆ ಆದಾಯವಿದೆ, ಹಿಂದೆ ಸುಳ್ಳು ಹೇಳಿಲ್ಲ, ಎಂದಾದರೆ, ಹೆಜ್ಜೆ 1ರ ನಿಷೇಧದ ಲೆಕ್ಕ ನೋಡಿಕೊಂಡು, ಬೆಂಗಳೂರಿಗೆ ಹೋಗಿ ಅರ್ಜಿ ಹಾಕುವುದೇ ಮೇಲು. ಮಗುವಿದ್ದರೆ, ಅಥವಾ ಮೇಲೆ ಹೇಳಿದಂಥ ಗಟ್ಟಿ ಕಾರಣವಿದ್ದರೆ ಒಳಗಿಂದ. ಆದಾಯವೂ ಇಲ್ಲ, ಗಟ್ಟಿ ಕಾರಣವೂ ಇಲ್ಲ ಎಂದಾದರೆ ಮೊದಲು ಆದಾಯ ಸರಿಮಾಡಿಕೊಳ್ಳುವುದು ಬಿಟ್ಟು ಬೇರೆ ಉಪಾಯವಿಲ್ಲ. ಇಪ್ಪತ್ತು ವರ್ಷ ಇಲ್ಲೇ ಇದ್ದರೆ ಖಾಸಗಿ ಬದುಕಿನ ಆಧಾರದ ಮೇಲೆ ಕೇಳಬಹುದು ಎಂಬ ನಿಯಮವೂ ಇದೆ, ನಿಜ. ಅದನ್ನು ನಂಬಿ ಯೌವನ ಕಳೆಯುವ ಲೆಕ್ಕ ನನಗಂತೂ ಅರ್ಥವಾಗುವುದಿಲ್ಲ.

ಹೆಜ್ಜೆ 4: ಇಲ್ಲೇ ಮದುವೆಯಾಗುವುದಾದರೆ

ವೀಸಾ ಇಲ್ಲದವರಿಗೆ ಮದುವೆ ನಿಷಿದ್ಧವಲ್ಲ. ಹಿಂದೆ ಹೋಮ್ ಆಫೀಸ್‌ನಿಂದ ಒಪ್ಪಿಗೆ ಪತ್ರ ತರಬೇಕಿತ್ತು. ನ್ಯಾಯಾಲಯದಲ್ಲಿ ಸೋತು 2011ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಈಗಿನದು 2015ರ ಮಾರ್ಚ್ 2ರಿಂದ ಬಂದ ವ್ಯವಸ್ಥೆ.

ಇಬ್ಬರೂ ಜೊತೆಯಾಗಿ, ಇಂಥ ಮದುವೆಗಳಿಗೆಂದೇ ಗೊತ್ತುಪಡಿಸಿದ ರಿಜಿಸ್ಟರ್ ಆಫೀಸಿಗೆ ಹೋಗಿ ಮದುವೆಯಾಗುತ್ತೇವೆ ಎಂಬ ನೋಟಿಸ್ ಕೊಡಬೇಕು. ಅದಕ್ಕೆ ಮೊದಲು ಆ ಪ್ರದೇಶದಲ್ಲಿ ಕನಿಷ್ಠ 7 ದಿನ ವಾಸವಾಗಿರಬೇಕು. ಶುಲ್ಕ ಒಬ್ಬೊಬ್ಬರಿಗೆ 57 ಪೌಂಡ್. ಪಾಸ್‌ಪೋರ್ಟ್, ವಿಳಾಸದ ಪುರಾವೆ, ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಅಂತಿಮ ಆದೇಶ ಬೇಕು. ಭಾರತದ ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ಮೊದಲು ಅದರ ಕೆಲಸ ನೋಡಿ. ಇಬ್ಬರಿಗೂ 18 ತುಂಬಿರಲೇಬೇಕು. 2023ರ ಫೆಬ್ರವರಿಯಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಪೋಷಕರ ಒಪ್ಪಿಗೆಯಿಂದಲೂ ಅದಕ್ಕೆ ಮೊದಲು ಮದುವೆ ಇಲ್ಲ.

ಈಗ ಮುಖ್ಯ ಮಾತು. ನೋಟಿಸ್ ಕೊಟ್ಟ ಕೂಡಲೇ ನಿಮ್ಮ ಹೆಸರು, ಫೋಟೋ, ವಿಳಾಸ ಎಲ್ಲ ಹೋಮ್ ಆಫೀಸಿಗೆ ಹೋಗುತ್ತದೆ. ಇಷ್ಟು ದಿನ ತಲೆತಗ್ಗಿಸಿ ಓಡಾಡಿದವನು ಅಂದಿನಿಂದ ಬೆಳಕಿಗೆ ಬಂದಂತೆ. ಕಾಯುವ ಅವಧಿ ಸಾಮಾನ್ಯವಾಗಿ 28 ದಿನ. ಅನುಮಾನ ಬಂದರೆ 70 ದಿನಕ್ಕೆ ಏರಿಸಿ ತನಿಖೆ ಮಾಡುತ್ತಾರೆ. ತನಿಖೆಗೆ ಸಹಕರಿಸದಿದ್ದರೆ ಆ ನೋಟಿಸಿನ ಮೇಲೆ ಮದುವೆ ಇಲ್ಲ. ಆದ್ದರಿಂದ ವಕೀಲರನ್ನು ನೋಡದೆ, ವೀಸಾ ಅರ್ಜಿಯ ಫೈಲು ಸಿದ್ಧವಾಗದೆ, ನೋಟಿಸ್ ಕೊಡಬೇಡಿ. ಸ್ಕಾಟ್ಲೆಂಡಿಗೆ ಓಡಿಹೋಗಿ ಗ್ರೆಟ್ನಾ ಗ್ರೀನ್‌ನಲ್ಲಿ ಆಗಿಬಿಡೋಣ ಎನ್ನುವವರಿಗೆ: ಅಲ್ಲಿನ ನೋಟಿಸ್ ಪದ್ಧತಿ ಬೇರೆ, ಆದರೆ ಹೋಮ್ ಆಫೀಸಿಗೆ ತಿಳಿಸುವುದೂ 70 ದಿನವೂ ಅಲ್ಲೂ ಇದೆ.

ನೋಟಿಸಿನ ದಿನ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಮಾತಾಡಿಸುತ್ತಾರೆ. ನನಗೆ ಗೊತ್ತಿರುವ ಒಂದು ಜೋಡಿ ಯಾರೋ ಕೊಟ್ಟ ಪ್ರಶ್ನಾವಳಿ ಬಾಯಿಪಾಠ ಮಾಡಿ ಹೋಗಿತ್ತು. ಮೊದಲ ಭೇಟಿ ಎಲ್ಲಿ, ಏನು ತಿಂದಿರಿ, ಏನು ಹೇಳಿದಿರಿ ಎಂಬುದಕ್ಕೆಲ್ಲ ಇಬ್ಬರದೂ ಒಂದೇ ವಾಕ್ಯ, ಒಂದೇ ಪದ. ಎದುರಿಗೆ ಕೂತವರು ಪೆನ್ನು ಕೆಳಗಿಟ್ಟು, "ಅಡುಗೆಮನೆಯ ವಿಷಯಕ್ಕೆ ಕೊನೆಯ ಸಲ ಜಗಳವಾಡಿದ್ದು ಯಾವಾಗ?" ಎಂದರಂತೆ. ಅವನು, "ನಾನು ಒಗ್ಗರಣೆ ಹಾಕಿದಾಗೆಲ್ಲ ಸ್ಮೋಕ್ ಅಲಾರಂ ಕೂಗುತ್ತೆ, ಅವಳು ಟೀ ಟವೆಲ್ ಬೀಸುತ್ತಾ ಬಯ್ಯುತ್ತಾಳೆ" ಎಂದ. ಪಕ್ಕದ ಕೋಣೆಯಲ್ಲಿ ಅವಳು ಹೇಳಿದ್ದೂ ಅದೇ, ಬೇರೆ ಮಾತಿನಲ್ಲಿ, ಸಾಸಿವೆ ಎಂಬುದಕ್ಕೆ 'ಆ ಸಿಡಿಯುವ ಕಾಳು' ಎಂದು. ಪ್ರಶ್ನಾವಳಿಯ ನಲವತ್ತು ಉತ್ತರಕ್ಕಿಂತ ಅದೊಂದೇ ಅವರನ್ನು ಕಾಪಾಡಿತು ಎಂದು ಇಬ್ಬರೂ ಈಗಲೂ ನಗುತ್ತಾರೆ.

ದೇವಸ್ಥಾನದ ಮದುವೆಯ ಬಗ್ಗೆ ಒಂದು ಮಾತು. ಮದುವೆಗೆಂದು ನೋಂದಾಯಿಸದ ಕಟ್ಟಡದಲ್ಲಿ, ನೋಟಿಸ್ ಇಲ್ಲದೆ ನಡೆದ ಮಾಂಗಲ್ಯಧಾರಣೆ ಇಂಗ್ಲೆಂಡಿನ ಕಾನೂನಿಗೆ ಮದುವೆಯೇ ಅಲ್ಲ. ನಮ್ಮವರು ಬಹುತೇಕ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ, ವಾರಾಂತ್ಯಕ್ಕೆ ದೇವಸ್ಥಾನಕ್ಕೆ ಹೋಗುತ್ತಾರೆ.

ಹೆಜ್ಜೆ 5: ಊರಿಗೆ ಹೋಗಿ ಅರ್ಜಿ ಹಾಕುವುದಾದರೆ

ಟಿಕೆಟ್ ಕೊಳ್ಳುವ ಮೊದಲು ಸಂಗಾತಿಯ ಸಂಬಳದ ಚೀಟಿ ನೋಡಿ. ವರ್ಷಕ್ಕೆ 29,000 ಪೌಂಡ್ ಬೇಕು. 2024ರ ಏಪ್ರಿಲ್ 11ರ ತನಕ ಅದು 18,600 ಆಗಿತ್ತು. ಹೊರಗಿಂದ ಅರ್ಜಿ ಹಾಕುವಾಗ ನಿಮ್ಮ ದುಡಿಮೆ ಲೆಕ್ಕಕ್ಕಿಲ್ಲ, ಅವರದೇ ಬೇಕು. ಒಂದೇ ಕಂಪನಿಯಲ್ಲಿ ಆರು ತಿಂಗಳಿಂದ ಇದ್ದರೆ ಸುಲಭ: ಆರು ತಿಂಗಳ ಸಂಬಳ ಚೀಟಿ, ಅದೇ ಮೊತ್ತ ಬಿದ್ದಿರುವ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ. ಚೀಟಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಅಂಕಿ ಇದ್ದರೆ ವಿವರಣೆ ಬರೆದು ಸೇರಿಸಿ. ಸಂಬಳ ಸಾಲದಿದ್ದರೆ ಉಳಿತಾಯ ತೋರಿಸಬಹುದು; ಬರೀ ಉಳಿತಾಯದ ಮೇಲೆ ಹೋಗುವುದಾದರೆ 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿ ಕೂತಿರಬೇಕು. ಸಂಗಾತಿಗೆ ಅಂಗವೈಕಲ್ಯದ ಭತ್ಯೆ ಪಿಐಪಿ ಅಥವಾ ಅಸ್ವಸ್ಥರನ್ನು ನೋಡಿಕೊಳ್ಳುವವರ ಭತ್ಯೆ ಕೇರರ್ಸ್ ಅಲೋಯನ್ಸ್ ಬರುತ್ತಿದ್ದರೆ ಈ 29,000ದ ಅಳತೆಯೇ ಇಲ್ಲ, ಸಂಸಾರ ತೂಗಿಸುವಷ್ಟಿದ್ದರೆ ಸಾಕು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಹೊರಡುವಾಗ ಸ್ವಂತ ಟಿಕೆಟ್. ಹೋಮ್ ಆಫೀಸಿನ ಸ್ವಯಂ ಮರಳುವಿಕೆ ಸೇವೆ ಕೆಲವರಿಗೆ ಟಿಕೆಟ್ಟನ್ನೂ ಹಣವನ್ನೂ ಕೊಡುತ್ತದೆ, ಆದರೆ ಆಗ ನೀವು ಸರ್ಕಾರದ ಖರ್ಚಿನಲ್ಲಿ ಹೋದವರಾಗುತ್ತೀರಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಭಾರತೀಯ ಹೈಕಮಿಷನ್ ಒಮ್ಮೆ ಊರಿಗೆ ಹೋಗುವ ಮಟ್ಟಿಗೆ ತುರ್ತು ಪ್ರಮಾಣಪತ್ರ ಕೊಡುತ್ತದೆ. ಟಿಕೆಟ್ ರಸೀದಿ, ಬೋರ್ಡಿಂಗ್ ಪಾಸ್, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬಿದ್ದ ಮುದ್ರೆ, ಮೂರನ್ನೂ ಅಂದೇ ಫೋಟೋ ತೆಗೆದಿಡಿ. ತಾನಾಗಿ, ಸ್ವಂತ ದುಡ್ಡಿನಲ್ಲಿ, ಇಂಥ ದಿನ ಹೊರಟೆ ಎಂಬುದಕ್ಕೆ ಇವೇ ಸಾಕ್ಷಿ.

ಮದುವೆ ಊರಿನಲ್ಲಾದರೆ ಎರಡು ದಾರಿ. ಇಬ್ಬರೂ ಹಿಂದೂಗಳಾದರೆ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. ಇಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ: ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಆಮೇಲೆ ಮತ್ತೆ 30 ದಿನ ಕಾಯಬೇಕು. ಸಂಗಾತಿಗೆ ಸಿಗುವುದು ಎರಡು ವಾರದ ರಜೆ ಎಂದಾದರೆ ಈ ಲೆಕ್ಕ ಮೊದಲೇ ಹಾಕಿ. ಮದುವೆಗೆ ಮುಂಚೆಯೇ ಹೋಗಬೇಕೆಂದರೆ ಫಿಯಾನ್ಸೆ ವೀಸಾ ಇದೆ: 6 ತಿಂಗಳು, ಅಷ್ಟರಲ್ಲಿ ಮದುವೆಯಾಗಿ ಒಳಗಿಂದ ಮತ್ತೆ ಅರ್ಜಿ ಹಾಕಬೇಕು. ಕೆಲಸ ಮಾಡುವಂತಿಲ್ಲ, ಶುಲ್ಕ ಎರಡು ಸಲ. ಅಡ್ಡಿ ಇಲ್ಲದಿದ್ದರೆ ಮದುವೆಯಾಗಿಯೇ ಅರ್ಜಿ ಹಾಕುವುದು ಅಗ್ಗ.

ಇಂಗ್ಲಿಷ್‌ಗೆ ಎ1 (ಆರಂಭಿಕ) ಹಂತದ ಮಾತು ಮತ್ತು ಆಲಿಸುವಿಕೆ ಪರೀಕ್ಷೆ. ಬ್ರಿಟನ್ನಿನ ಪದವಿ ಇದ್ದರೆ ಬೇಡ. ಭಾರತದ ಇಂಗ್ಲಿಷ್ ಮಾಧ್ಯಮದ ಪದವಿಯಾದರೆ ವಿದೇಶಿ ಪದವಿಗಳನ್ನು ಅಳೆಯುವ ಎಕ್ಟಿಸ್ ಸಂಸ್ಥೆಯ ದೃಢೀಕರಣ ಸಾಕು. ಕ್ಷಯರೋಗ ಪರೀಕ್ಷೆ ಹೋಮ್ ಆಫೀಸ್ ಒಪ್ಪಿದ ಕ್ಲಿನಿಕ್ಕಿನಲ್ಲೇ ಆಗಬೇಕು, ಆ ಸರ್ಟಿಫಿಕೇಟಿಗೆ 6 ತಿಂಗಳ ಆಯುಸ್ಸು. ಬೆರಳಚ್ಚು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ.

ಸಂಬಂಧದ ಪುರಾವೆ ಬಗ್ಗೆ ಓವರ್‌ಸ್ಟೇಯರ್‌ಗಳಿಗೆ ಒಂದು ತಲೆನೋವು: ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಕರೆಂಟ್ ಬಿಲ್ಲು ಯಾವುದರಲ್ಲೂ ಹೆಸರಿರುವುದಿಲ್ಲ. ಆಗ ಹೆಸರು ಬಿದ್ದಿರುವ ಏನೇ ಇರಲಿ, ಹೆಕ್ಕಿ. ಡಾಕ್ಟರ ಕ್ಲಿನಿಕ್ಕಿನಿಂದ ಆ ವಿಳಾಸಕ್ಕೆ ಬಂದ ಪತ್ರ, ಇಬ್ಬರ ಹೆಸರಿಗೂ ಬಂದ ಮದುವೆ ಕರೆಯೋಲೆ, ಪ್ರಯಾಣದ ಟಿಕೆಟ್ಟು. ಒಂದು ಫೈಲಿನಲ್ಲಿ ಹುಬ್ಬಳ್ಳಿಯಿಂದ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಪಾರ್ಸಲ್ಲಿನ ಅಂಚೆ ಚೀಟಿ ನೋಡಿದ್ದೆ. 'ಗೆ' ಎಂಬ ಜಾಗದಲ್ಲಿ ಇಬ್ಬರ ಹೆಸರೂ ಅಮ್ಮನ ಕೈಬರಹದಲ್ಲಿತ್ತು, ಹುಡುಗಿಯ ಹೆಸರಿನ ಕಾಗುಣಿತ ತಪ್ಪಾಗಿ. ಸೆಲ್ಫಿ ಐನೂರು ಬೇಡ. ವರ್ಷಕ್ಕೆ ನಾಲ್ಕೈದು, ಮನೆಯವರೂ ಇರುವಂಥವು ಸಾಕು.

ಅರ್ಜಿಯಲ್ಲಿ "ಹಿಂದೆ ವೀಸಾ ಮೀರಿ ಉಳಿದಿದ್ದೀರಾ?" ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಿರಿ: ಈ ದಿನದಿಂದ ಈ ದಿನದವರೆಗೆ, ಈ ಕಾರಣಕ್ಕೆ, ಈ ದಿನ ತಾನಾಗಿ ಹೊರಟೆ. ಕೆಲಸ ಮಾಡಿದ್ದರೆ ಅದನ್ನೂ ಹೇಗೆ ಬರೆಯಬೇಕೆಂದು ವಕೀಲರನ್ನು ಕೇಳಿ, ಮುಚ್ಚಬೇಡಿ. ಆಸ್ಪತ್ರೆಗೆ 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಇದ್ದರೆ ಅದೇ ನಿರಾಕರಣೆಗೆ ಕಾರಣವಾಗಬಹುದು, ಮೊದಲು ತೀರಿಸಿ ರಸೀದಿ ಹಚ್ಚಿ.

ಹೆಜ್ಜೆ 6: ಇಲ್ಲ ಎಂದು ಬಂದರೆ, ಹೌದು ಎಂದು ಬಂದರೆ

ಸಂಗಾತಿ ವೀಸಾ ನಿರಾಕರಣೆಗೆ ಸಾಮಾನ್ಯವಾಗಿ ಮಾನವ ಹಕ್ಕಿನ ಆಧಾರದ ಮೇಲೆ ಮೇಲ್ಮನವಿ ಉಂಟು. ಬ್ರಿಟನ್ನಿನ ಒಳಗಿದ್ದರೆ 14 ದಿನ, ಹೊರಗಿದ್ದರೆ 28 ದಿನ. ವಿಚಾರಣೆ ಬೇಕೆಂದರೆ ಶುಲ್ಕ 140 ಪೌಂಡ್, ಬರೀ ಕಾಗದದ ಮೇಲೆ ತೀರ್ಮಾನಿಸಿ ಎಂದರೆ 80. ವಿಚಾರಣೆಯನ್ನೇ ಕೇಳಿ. ಬ್ರಿಟಿಷ್ ಸಂಗಾತಿ ಎದುರು ನಿಂತು ಮಾತಾಡುವುದಕ್ಕೆ ತೂಕವಿದೆ. ಸಂಬಳ ಚೀಟಿ ಬಿಟ್ಟುಹೋದಂಥ ಸಣ್ಣ ಕಾರಣಕ್ಕೆ ತಿರಸ್ಕಾರವಾಗಿದ್ದರೆ ಮೇಲ್ಮನವಿಗಿಂತ ಹೊಸ ಅರ್ಜಿಯೇ ಬೇಗ ಮುಗಿಯುತ್ತದೆ. ಒಳಗಿಂದ ಹಾಕಿದ ಅರ್ಜಿ ಬಾಕಿಯಿರುವಾಗ ಕೆಲಸ ಮಾಡುವ ಹಕ್ಕು ಓವರ್‌ಸ್ಟೇಯರ್‌ಗೆ ಇಲ್ಲ. "ಅರ್ಜಿ ಹಾಕಿದ್ದೀನಲ್ಲ" ಎಂದು ರೆಸ್ಟೋರೆಂಟಿಗೆ ಸೇರಿದರೆ ಮಾಲೀಕನಿಗೆ ಮೊದಲ ತಪ್ಪಿಗೇ ತಲೆಗೆ 45,000 ಪೌಂಡ್‌ವರೆಗೆ ದಂಡ, ನಿಮಗೆ ಕಡತದಲ್ಲಿ ಇನ್ನೊಂದು ಕಪ್ಪು ಚುಕ್ಕೆ.

ವೀಸಾ ಬಂತೇ? ಅನುಮತಿ ಈಗ ಈ-ವೀಸಾ ರೂಪದಲ್ಲಿ ಆನ್‌ಲೈನ್ ಖಾತೆಯಲ್ಲಿ ಕೂರುತ್ತದೆ. ಖಾತೆ ತೆರೆದು ಮುಗಿಯುವ ತಾರೀಕು ನೋಡಿ, ಇಬ್ಬರ ಫೋನಿನಲ್ಲೂ ಮೂರು ತಿಂಗಳು ಮುಂಚಿತವಾಗಿ ಅಲಾರಂ ಇಡಿ. ಆ ದಿನದೊಳಗೆ ವಿಸ್ತರಣೆಯ ಅರ್ಜಿ ಹೋಗಿದ್ದರೆ ತೀರ್ಮಾನ ಬರುವ ತನಕ ಹಳೆಯ ಅನುಮತಿ ತಾನಾಗಿ ಮುಂದುವರಿಯುತ್ತದೆ, ಕೆಲಸವೂ ಮಾಡಬಹುದು. ಮಾರನೆಯ ದಿನ ಹೋದರೆ ಮತ್ತೆ ಹೆಜ್ಜೆ 1ರ ಆ 14 ದಿನದ ಲೆಕ್ಕ.